ಕಲ್ಲಿನ ಕಡಗವೂ ಮಾಡಿದವನ ಹೆಸರೂ

ನಮ್ಮ ನೂಲ, ಗಡಹಿಂಗ್ಲಜ ಸೀಮೆಯ ಮದುವೆಗಳಲ್ಲಿ ಪಾಟಲಿ, ತೋಡೆಗಳ ತೂಕವನ್ನು ಕೇಳುವವರುಂಟು. ಮಾಡಿದ ಅಕ್ಕಸಾಲಿಗನ ಹೆಸರನ್ನು ಕೇಳುವವರಿಲ್ಲ. ಹುಪರಿಯ ಬೆಳ್ಳಿ ಕೆಲಸದ ಕೀರ್ತಿಯೂ ಊರಿಗೆ ಸಂದಿದೆ, ಕುಶಲಕರ್ಮಿಗೆ ಸಂದಿಲ್ಲ. ನಮ್ಮ ತಾಯಿಯವರ ಹರಳಿನ ತೋಡೆಗಳನ್ನು ನಾವೇ ಮುಂದೆ ನಿಂತು ಕರಗಿಸಿ ಮಗಳ ಮದುವೆಗೆ ಬಳೆ ಮಾಡಿಸಿದೆವು. ಹರಳುಗಳು ಕಾಗದದ ಪೊಟ್ಟಣದಲ್ಲಿ ಮನೆಗೆ ಮರಳಿದವು. ಅವನ್ನು ಕೂಡಿಸಿದ ಕೈ ಯಾರದೆಂಬುದು ಆಗಲೇ ಯಾರಿಗೂ ನೆನಪಿರಲಿಲ್ಲ. ಬೆಲೆಯುಳ್ಳದ್ದಾದ ಕಾರಣದಿಂದಲೇ ಚಿನ್ನವು ತಲೆಮಾರಿಗೊಮ್ಮೆ ಮೂಸೆಗೆ ಬೀಳುತ್ತದೆ.

ಆದುದರಿಂದ ಕನ್ನಡ ನಾಡಿನ ಪ್ರಾಚೀನ ಒಡವೆಗಳನ್ನು ಕಾಣಬೇಕಾದವರು ಕಲ್ಲಿನ ಬಳಿಗೆ ಹೋಗಬೇಕು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ, ಮೇಲ್ಛಾವಣಿಯ ಕೆಳಗೆ ನಾಲ್ವರು ಮದನಿಕೆಯರಿದ್ದಾರೆ. ಅವರಲ್ಲೊಬ್ಬಳ ಕೈಯ ಕಡಗ ಮೇಲಕ್ಕೂ ಕೆಳಕ್ಕೂ ಸರಿಯುತ್ತದೆ. ಪ್ರವಾಸಿಗರಿಗೆ ಹೇಳುವುದು ಇದನ್ನೇ. ನಮಗೆ ಇದು ಚಮತ್ಕಾರವಾಗಿ ಕಾಣುತ್ತದೆ. ಕಲೆಯನ್ನು ಬೇರೆಡೆ ಹುಡುಕಬೇಕು. ಹೊರಗಿನ ದರ್ಪಣಸುಂದರಿಯನ್ನು ನೋಡಿರಿ. ಒಡವೆ ಎಷ್ಟಿದ್ದರೂ ಕನ್ನಡಿ ಹಿಡಿದ ಕೈಯ ಬಾಗು ಮರೆಯಾಗಿಲ್ಲ. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಬರಬರುತ್ತ ಗಟ್ಟಿಯಾಗುವ ಬಳಪದ ಕಲ್ಲು ಸೂಕ್ಷ್ಮ ಕೆಲಸಕ್ಕೆ ಒಲಿಯಿತು, ನಿಜ. ಆದರೆ ಎಲ್ಲಿ ನಿಲ್ಲಬೇಕೆಂಬುದನ್ನು ಕಲ್ಲು ಕಲಿಸದು. ಹೊಯ್ಸಳರ ಭಿತ್ತಿಯ ಕೆಲವು ದೇವತಾಮೂರ್ತಿಗಳಲ್ಲಿ ಈ ಸಂಯಮವಿಲ್ಲ. ಆಭರಣಗಳ ಭಾರದಲ್ಲಿ ದೇಹವೇ ಅಡಗಿಹೋಗಿದೆ.

ಅಕ್ಕಸಾಲಿಗನಿಗೆ ದೊರೆಯದ ಭಾಗ್ಯವೊಂದು ಈ ಶಿಲ್ಪಿಗಳಿಗೆ ದೊರೆಯಿತು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಾವು ಕಡೆದ ಮೂರ್ತಿಗಳ ಅಡಿಯಲ್ಲಿ ಕನ್ನಡದಲ್ಲಿಯೇ ಹೆಸರು ಕೊರೆದರು; ಪ್ರತಿಸ್ಪರ್ಧಿಗಳನ್ನು ಕೆಣಕುವ ಬಿರುದುಗಳನ್ನೂ ಸೇರಿಸಿದರು. ಆರ್. ನರಸಿಂಹಾಚಾರ್ಯರು 1919ರಷ್ಟು ಹಿಂದೆಯೇ ಈ ದೇವಾಲಯವನ್ನು ಕುರಿತ ಪುಸ್ತಕದಲ್ಲಿ ಇವನ್ನು ದಾಖಲಿಸಿದ್ದಾರೆ. ಆದರೂ ಜನರ ಬಾಯಲ್ಲಿ ನಿಂತದ್ದು ಜಕಣಾಚಾರಿ. ಅವನ ಹೆಸರು ಐತಿಹ್ಯದ್ದು. ಬೇಲೂರಿನ ಈ ರುಜುಗಳಲ್ಲಿ ಅದಿಲ್ಲ. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಕಲ್ಲಿನೊಳಗಿನ ಕಪ್ಪೆಯ ಕಥೆಯನ್ನು ವರ್ಷ ವರ್ಷವೂ ತರಗತಿಯಲ್ಲಿ ಹೇಳಿದೆವು, ಮಕ್ಕಳು ಕಣ್ಣರಳಿಸಿ ಕೇಳಿದರು. ದಾಸೋಜನ ಹೆಸರನ್ನು ಒಮ್ಮೆಯೂ ಹಲಗೆಯ ಮೇಲೆ ಬರೆಯಲಿಲ್ಲ. ಬೇಲೂರು ದೂರವೆನ್ನಬಹುದು, ನಮ್ಮದೇ ಜಿಲ್ಲೆಯ ಖಿದ್ರಾಪುರದ ಕೋಪೇಶ್ವರ ದೇಗುಲದಲ್ಲಿಯೂ ಹಳಗನ್ನಡದ ಅಕ್ಷರಗಳಿವೆ. ಅಲ್ಲಿಗಾದರೂ ಮಕ್ಕಳನ್ನು ಕರೆದೊಯ್ದು ಓದಿಸಿದೆವೇ?

ಈ ಲೇಖನಕ್ಕೆ ಕುಳಿತಾಗ ಹರಳಿನ ಆ ಪೊಟ್ಟಣ ನೆನಪಾಯಿತು. ಮಗಳ ಬಳೆಗಳನ್ನು ಮಾಡಿದ ಅಕ್ಕಸಾಲಿಗರು ಇನ್ನೂ ಇದ್ದಾರೆ. ಹೋಗಿ ಕಂಡು, ಅವರ ಪೂರ್ಣ ಹೆಸರನ್ನು ಕೇಳಿ, ಪೊಟ್ಟಣದ ಮೇಲೆ ಬರೆದುಕೊಂಡು ಬಂದೆವು.