ಆಕ್ಷೇಪಣೆ ಇಳಿದ ಮಾತ್ರಕ್ಕೆ ಮೌಲ್ಯ ಸರಿಯಾಗದು

ಇಂಗ್ಲೆಂಡಿನ ಬಿಸಿನೆಸ್ ರೇಟ್ಸ್, ಅಂದರೆ ವ್ಯಾಪಾರದ ಜಾಗಗಳ ಮೇಲಿನ ತೆರಿಗೆಯ ಬಗ್ಗೆ ಬಹುಮಂದಿ ಒಪ್ಪಿಕೊಂಡ ಒಂದು ವಾದವಿದೆ. ಹಿಂದೆ ಜಾಗಕ್ಕೆ ಕಟ್ಟಿದ ಮೌಲ್ಯದ ವಿರುದ್ಧ ತಲೆಬುಡವಿಲ್ಲದ ಮೇಲ್ಮನವಿಗಳು ರಾಶಿ ಬೀಳುತ್ತಿದ್ದವು, ಅವುಗಳಲ್ಲಿ ಹೆಚ್ಚಿನವು ಯಾವ ಬದಲಾವಣೆಯನ್ನೂ ತರುತ್ತಿರಲಿಲ್ಲ. 2017ರ ಏಪ್ರಿಲ್‌ನಲ್ಲಿ ‘ಚೆಕ್, ಚಾಲೆಂಜ್, ಅಪೀಲ್’ ಎಂಬ ಮೂರು ಹಂತದ ಕ್ರಮ ಬಂತು. ಮನವಿಗಳು ಬಹಳ ಕಡಿಮೆಯಾದವು. ಹಾಗಾಗಿ ವ್ಯವಸ್ಥೆ ಸುಧಾರಿಸಿತು ಎನ್ನುತ್ತಾರೆ. ಈ ಸಂಗತಿಗಳ ಬಗ್ಗೆ ನನ್ನ ತಕರಾರಿಲ್ಲ, ಅವುಗಳಿಂದ ಎಳೆದ ತೀರ್ಮಾನ ಮಾತ್ರ ತಪ್ಪು. ದೂರು ಕೊಡುವವರು ಕಡಿಮೆಯಾದರೆ ತಪ್ಪುಗಳೂ ಕಡಿಮೆಯಾದವು ಎಂದು ಹೇಗೆ ಹೇಳುವುದು? ದೂರು ಕೊಡುವುದೇ ಕಷ್ಟವಾಗಿರಬಹುದಲ್ಲ?

ಅದನ್ನು ತಿಳಿಯಲು ಮೊದಲು ತೆರಿಗೆ ಗೊತ್ತಾಗುವ ಕ್ರಮ ನೋಡಬೇಕು. ಬೆಂಗಳೂರಿನಲ್ಲಿ ಆಸ್ತಿ ತೆರಿಗೆಗೆ 2008ರಿಂದ ವಲಯವಾರು ಚದರಡಿ ದರ ಪ್ರಕಟವಾಗುತ್ತದೆ. ಕಟ್ಟಡದ ಮಾಲೀಕರೇ ಲೆಕ್ಕ ಹಾಕಿ ತೆರಿಗೆ ಕಟ್ಟುತ್ತಾರೆ. ಇಂಗ್ಲೆಂಡಿನ ಕ್ರಮ ಬೇರೆ. ಅಲ್ಲಿ ಸಾಮಾನ್ಯವಾಗಿ ಜಾಗ ಬಳಸುವ ವ್ಯಾಪಾರಿಯೇ ತೆರಿಗೆ ಕೊಡಬೇಕು, ಬಾಡಿಗೆದಾರನಾದರೂ ಸರಿ. ಸರ್ಕಾರದ ವ್ಯಾಲ್ಯುಯೇಷನ್ ಆಫೀಸ್ ಪ್ರತಿ ಅಂಗಡಿ, ಕಚೇರಿ, ಗೋದಾಮಿಗೂ ಒಂದು ‘ರೇಟಬಲ್ ವ್ಯಾಲ್ಯೂ’ ಕಟ್ಟುತ್ತದೆ. ಗೊತ್ತುಪಡಿಸಿದ ಒಂದು ದಿನ ಆ ಜಾಗವನ್ನು ಮುಕ್ತ ಮಾರುಕಟ್ಟೆಯಲ್ಲಿ ಬಾಡಿಗೆಗೆ ಬಿಟ್ಟಿದ್ದರೆ ವರ್ಷಕ್ಕೆ ಎಷ್ಟು ಬರುತ್ತಿತ್ತು ಎಂಬ ಅಂದಾಜೇ ಈ ಮೌಲ್ಯ. ಈ ಮೌಲ್ಯಗಳ 2023ರ ಪಟ್ಟಿಗೆ ಆ ದಿನ 2021ರ ಏಪ್ರಿಲ್ 1, 2026ರ ಪಟ್ಟಿಗೆ 2024ರ ಏಪ್ರಿಲ್ 1. ಆದ್ದರಿಂದ ‘ಈ ವರ್ಷ ವ್ಯಾಪಾರ ಬಿದ್ದಿದೆ, ತೆರಿಗೆ ಇಳಿಸಿ’ ಎಂಬ ಮನವಿಗೆ ಅಲ್ಲಿ ಬೆಲೆಯಿಲ್ಲ. ಪಬ್ಬುಗಳ ಮೌಲ್ಯವನ್ನು ನಿರೀಕ್ಷಿತ ವಹಿವಾಟಿನ ಆಧಾರದಲ್ಲಿ ಕಟ್ಟುತ್ತಾರೆ, ಅದು ಬೇರೆ ಮಾತು. ಸಾಮಾನ್ಯ ಅಂಗಡಿಯ ಜಗಳ ಆ ಒಂದು ದಿನದ ಬಾಡಿಗೆಯ ಸುತ್ತಲೇ ನಡೆಯಬೇಕು.

ಆ ಬಾಡಿಗೆಯನ್ನು ಕಟ್ಟುವ ರೀತಿ ನೋಡಿ. ಅಂಗಡಿಯ ಮುಂಭಾಗದ 6.1 ಮೀಟರ್ ಆಳ ‘ಝೋನ್ ಎ’. ಅದಕ್ಕೆ ಪೂರ್ತಿ ದರ. ಹಿಂದಿನ 6.1 ಮೀಟರ್‌ಗೆ ಅರ್ಧ, ಅದರ ಹಿಂದಕ್ಕೆ ಕಾಲು. 5 ಮೀಟರ್ ಅಗಲ, 15 ಮೀಟರ್ ಆಳದ ಒಂದು ಅಂಗಡಿಯನ್ನು ಊಹಿಸಿಕೊಳ್ಳಿ. ಝೋನ್ ಎ ಲೆಕ್ಕದಲ್ಲಿ ಅದು 49.25 ಚದರ ಮೀಟರ್ ಆಗುತ್ತದೆ. ಚದರ ಮೀಟರಿಗೆ 300 ಪೌಂಡ್ ದರ ಹಾಕಿದರೆ ಮೌಲ್ಯ 14,775 ಪೌಂಡ್, 240 ಹಾಕಿದರೆ 11,820. ಒಂದೇ ಅಂಗಡಿ ಇಟ್ಟುಕೊಂಡ ಸಣ್ಣ ವ್ಯಾಪಾರಿಗೆ 12,000 ಪೌಂಡ್ ಮೌಲ್ಯದವರೆಗೆ ಪೂರ್ತಿ ವಿನಾಯಿತಿ ಇದೆ. ಮುಂದೆ ಅದು ಕರಗುತ್ತ ಹೋಗಿ 15,000ಕ್ಕೆ ಮುಗಿಯುತ್ತದೆ. 2025-26ರಲ್ಲಿ ಸಣ್ಣ ವ್ಯಾಪಾರದ ತೆರಿಗೆ ಗುಣಕ ಮೌಲ್ಯದ ಪ್ರತಿ ಪೌಂಡಿಗೆ 49.9 ಪೆನ್ಸ್ ಇತ್ತು. ಆ ಲೆಕ್ಕದಲ್ಲಿ, ಬೇರೆ ರಿಯಾಯಿತಿ ಸಿಗದಿದ್ದರೆ, ಮೊದಲ ದರದಲ್ಲಿ ಆತ ವರ್ಷಕ್ಕೆ ಸುಮಾರು 6,820 ಪೌಂಡ್ ಕಟ್ಟಬೇಕಾಗುತ್ತಿತ್ತು, ಎರಡನೆಯದರಲ್ಲಿ ಏನೂ ಇಲ್ಲ. ದರದಲ್ಲಿ 60 ಪೌಂಡಿನ ವ್ಯತ್ಯಾಸ ಒಂದು ಸಂಸಾರದ ಅಂಗಡಿಯ ಹಣೆಬರಹ ಬರೆಯುತ್ತದೆ.

ಹಾಗಾದರೆ 300 ಎಂಬ ದರ ಎಲ್ಲಿಂದ ಬಂತು? ವಿಸ್ತೀರ್ಣ, ಝೋನ್, ದರ ಇಷ್ಟನ್ನೂ ಆಫೀಸು ಆನ್‌ಲೈನ್‌ನಲ್ಲಿ ತೋರಿಸುತ್ತದೆ. ಅಳತೆ ತಪ್ಪಿದ್ದರೆ ಚೆಕ್ ಹಂತದಲ್ಲಿ ತಿದ್ದಿಸಬಹುದು. ಆದರೆ ದರದ ಹಿಂದಿರುವುದು ಆ ಬೀದಿಯ ನಿಜವಾದ ಬಾಡಿಗೆಗಳು. ಅವುಗಳನ್ನು ಆಫೀಸು ವ್ಯಾಪಾರಿಗಳಿಂದಲೇ ಫಾರಂ ತುಂಬಿಸಿಕೊಂಡು ಸಂಗ್ರಹಿಸುತ್ತದೆ, ಬೀದಿಯ ಜನರಿಗೆ ತೋರಿಸುವುದಿಲ್ಲ. ಪಕ್ಕದ ಅಂಗಡಿಯವನಿಗೆ ಮಾಲೀಕ ಆರು ತಿಂಗಳು ಬಾಡಿಗೆ ಮಾಫಿ ಮಾಡಿದ್ದರೆ ಕರಾರಿನ ಅಂಕಿಗಿಂತ ನಿಜವಾದ ಬಾಡಿಗೆ ಕಡಿಮೆ. ಆಫೀಸು ಅದನ್ನು ಕಳೆದು ಲೆಕ್ಕ ಹಾಕಿತೇ? ಚಾಲೆಂಜ್ ಸಲ್ಲಿಸುವ ಮುನ್ನ ತೆರಿಗೆ ಕಟ್ಟುವವನಿಗೆ ಖಚಿತವಾಗಿ ತಿಳಿಯುವ ದಾರಿಯಿಲ್ಲ.

ಇದರ ಮೇಲೆ ಚಾಲೆಂಜ್ ಹಂತದ ನಿಯಮ ಬರುತ್ತದೆ. ಮೌಲ್ಯ ಏಕೆ ತಪ್ಪು, ಸರಿಯಾದದ್ದು ಎಷ್ಟು, ಆಧಾರವೇನು ಎಂಬುದನ್ನು ವ್ಯಾಪಾರಿ ಆಗಲೇ ಒಪ್ಪಿಸಬೇಕು. ಆಗ ಕೊಡದ ಆಧಾರವನ್ನು ಮುಂದೆ ಅಪೀಲ್ ಹಂತದಲ್ಲಿ ನ್ಯಾಯಮಂಡಳಿಯ ಮುಂದೆ ಮಂಡಿಸುವುದು ಕಷ್ಟ. ಆಫೀಸಿಗೆ ಚೆಕ್ ಮುಗಿಸಲು 12 ತಿಂಗಳು, ಚಾಲೆಂಜ್ ಮುಗಿಸಲು 18 ತಿಂಗಳವರೆಗೆ ಕಾಲಾವಕಾಶ. ವ್ಯಾಪಾರಿಗೆ ಪ್ರತಿ ಹಂತದಿಂದ ಮುಂದಿನದಕ್ಕೆ ಹೋಗಲು ನಾಲ್ಕೇ ತಿಂಗಳು. ಅಷ್ಟೂ ಕಾಲ ಹಳೆಯ ಬಿಲ್ ಕಟ್ಟುತ್ತಲೇ ಇರಬೇಕು. ಹೀಗಿರುವಾಗ ಮನವಿಗಳು ಇಳಿದದ್ದರಲ್ಲಿ ಅಚ್ಚರಿಯಿಲ್ಲ.

ಬಾಡಿಗೆ ವಿವರ ವ್ಯಾಪಾರದ ಗುಟ್ಟು, ಅದನ್ನು ಬಿಚ್ಚಿಡಲಾಗದು ಎಂಬುದು ಎದುರು ವಾದ. ಇದನ್ನು ಹಗುರವಾಗಿ ತಳ್ಳಿಹಾಕಬಾರದು, ಕಾನೂನೂ ಆ ಗೋಪ್ಯತೆಯನ್ನು ಕಾಯುತ್ತದೆ. ಆದರೆ ಇಂಗ್ಲೆಂಡಿನಲ್ಲಿ ಏಳು ವರ್ಷಕ್ಕಿಂತ ದೀರ್ಘವಾದ ಲೀಸನ್ನು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಬೇಕು. ಸಾಮಾನ್ಯವಾಗಿ ಶುಲ್ಕ ಕಟ್ಟಿದ ಯಾರಾದರೂ ಅದರ ಪ್ರತಿ ಪಡೆಯಬಹುದು. ದೊಡ್ಡ ಮಳಿಗೆಗಳ ದೀರ್ಘ ಲೀಸಿನ ಬಾಡಿಗೆ ಹೀಗೆ ಹೊರಗೆ ಸಿಗುವುದಾದರೆ ಸಣ್ಣ ಅಂಗಡಿಯ ಮೂರು ವರ್ಷದ ಲೀಸಿನ ಬಾಡಿಗೆ ಮಾತ್ರ ಏಕೆ ಗುಟ್ಟು? ಗೋಪ್ಯತೆಯ ಭಾರ ಬೀಳುತ್ತಿರುವುದು ಅದನ್ನು ಹೊರಲಾರದವರ ಮೇಲೆ. 2023ರ ನಾನ್-ಡೊಮೆಸ್ಟಿಕ್ ರೇಟಿಂಗ್ ಕಾಯ್ದೆ ವ್ಯಾಪಾರಿಗಳು ಮಾಹಿತಿ ಕೊಡುವುದನ್ನು ಕರ್ತವ್ಯವಾಗಿಸಿತು. ಆಫೀಸು ಮಾಹಿತಿ ತೋರಿಸುವುದನ್ನು ಅದರ ವಿವೇಚನೆಗೆ ಬಿಟ್ಟಿತು. ಕರ್ತವ್ಯ ಎರಡೂ ಕಡೆ ಇರಬೇಕಿತ್ತು.

ಕೊನೆಯವರೆಗೆ ಹೋರಾಡಬಲ್ಲವರಿಗೆ ಮೇಲ್ಮನವಿಯ ಹಕ್ಕು ಫಲ ಕೊಡುತ್ತದೆ. 2020ರಲ್ಲಿ ದೊಡ್ಡ ಸೂಪರ್‌ಮಾರ್ಕೆಟ್ ಸರಣಿಗಳು ತಮ್ಮ ಮಳಿಗೆಗಳ ಎಟಿಎಂಗಳಿಗೆ ಪ್ರತ್ಯೇಕ ತೆರಿಗೆ ಹಾಕಬಾರದೆಂದು ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಗೆದ್ದವು. ಕೋವಿಡ್ ಕಾಲದಲ್ಲಿ ಅಪಾರ ಸಂಖ್ಯೆಯ ವ್ಯಾಪಾರಿಗಳು ಪರಿಸ್ಥಿತಿ ಬದಲಾಯಿತೆಂಬ ಆಧಾರದ ಮೇಲೆ ಇದೇ ದಾರಿ ಹಿಡಿದಾಗ ಸಂಸತ್ತು 2021ರ ಡಿಸೆಂಬರ್‌ನಲ್ಲಿ ಕಾಯ್ದೆ ಮಾಡಿ, ಹಿಂದೆ ಸಲ್ಲಿಸಿದ್ದ ಮನವಿಗಳನ್ನೂ ಸೇರಿಸಿ, ಆ ಬಾಗಿಲು ಮುಚ್ಚಿತು. ಅದರ ಬದಲಿಗೆ ಸರ್ಕಾರ 150 ಕೋಟಿ ಪೌಂಡಿನ ಪರಿಹಾರ ನಿಧಿ ಇಟ್ಟಿತು. ಹಣ ಸಿಕ್ಕಿತು ಎನ್ನಬಹುದು. ಆದರೆ ಹಕ್ಕಿನ ಜಾಗದಲ್ಲಿ ಕೂತದ್ದು ಅನುಗ್ರಹ.

ತೆರಿಗೆಯನ್ನೇ ಕೈಬಿಡಿ ಎಂಬುದು ನನ್ನ ವಾದವಲ್ಲ. ಊರಿನ ಆಡಳಿತಕ್ಕೆ ಹಣ ಬೇಕು, ಜಾಗದ ಬಾಡಿಗೆ ಮೌಲ್ಯ ಅದಕ್ಕೆ ಒಪ್ಪುವ ಅಳತೆಗೋಲು. ಆದರೆ ಯಾವ ಬಾಡಿಗೆಗಳ ಮೇಲೆ ತನ್ನ ಅಂಗಡಿಯ ದರ ನಿಂತಿದೆ ಎಂಬುದನ್ನು ಮೌಲ್ಯದ ಜೊತೆಗೇ ಪಡೆಯುವುದು ವ್ಯಾಪಾರಿಯ ಹಕ್ಕಾಗಬೇಕು. ಹೆಸರು ಮರೆಮಾಡಿ ಕೊಟ್ಟರೂ ಸಾಕು. ಆಗ ಹುಸಿ ಮನವಿಗಳು ತಾವೇ ನಿಲ್ಲುತ್ತವೆ, ಲೆಕ್ಕ ಸರಿಯಿದೆ ಎಂದು ಕಂಡವನು ಸುಮ್ಮನಾಗುತ್ತಾನೆ. ಆಗಲೂ ಮನವಿಗಳು ಇಳಿದರೆ, ಮೌಲ್ಯ ಸರಿಯಾಗಿದೆ ಎಂದು ನಾನೂ ಒಪ್ಪುತ್ತೇನೆ.