ವಜನಕ್ಕೆ ಒಂದೇ ಅಂಕೆ ಸಾಲದು

ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬರು ಕಥೆ ನಡೆಸುತ್ತ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತ ಆಡುವುದೇ ರೋಲ್‌ಪ್ಲೇಯಿಂಗ್ ಗೇಮ್. ವೇಷ, ರಂಗ ಇಲ್ಲದ ದೊಡ್ಡಾಟ ಅನ್ನಿ. ಪಾತ್ರದ ತೋಳ್ಬಲ, ಜಾಣತನಗಳನ್ನು ದಾಳ ಹಾಕಿ ಅಂಕೆಯಲ್ಲಿ ಬರೆದುಕೊಳ್ಳುವುದು ಸುಲಭ. ತಕರಾರು ಬರುವುದು ಅಂತಸ್ತಿನ ವಿಷಯದಲ್ಲಿ. 1977ರಲ್ಲಿ ಬಂದ ಅಮೆರಿಕದ ‘ಟ್ರಾವೆಲರ್’ ಇದನ್ನೂ ದಾಳಕ್ಕೇ ಬಿಟ್ಟಿತು. ಅದರ ಆರು ಗುಣಗಳಲ್ಲಿ ಕೊನೆಯದು ಸಾಮಾಜಿಕ ಸ್ಥಾನ. ಎರಡು ದಾಳ ಸೇರಿ ಹನ್ನೊಂದೋ ಹನ್ನೆರಡೋ ಬಿದ್ದರೆ ನೀವು ಕುಲೀನರು, ಎರಡು ಬಿದ್ದರೆ ತಳದವರು. ಯಾರ ಮನೆಯಲ್ಲಿ ಹುಟ್ಟುತ್ತೇವೆಂಬುದು ನಮ್ಮ ಕೈಯಲ್ಲಿಲ್ಲವಲ್ಲ, ಆ ಮಟ್ಟಿಗೆ ಪ್ರಾಮಾಣಿಕ ನಿಯಮ. ಆದರೆ ಆ ಅಂಕೆ ಎಲ್ಲಿ ಹೋದರೂ ಅಷ್ಟೇ ಇರುತ್ತದೆ ಎಂಬುದನ್ನು ನಾನು ಒಪ್ಪಲಾರೆ.

ಸಾವಳಗಿಯ ಚಹಾ ಅಂಗಡಿಯಲ್ಲಿ ಕೂತು ನೋಡಿ. ಕೆಲವರು ಒಳಗೆ ಕಾಲಿಟ್ಟರೆ ಬಾಕಿನ ಮೇಲಿದ್ದವರು ಸರಿದು ಜಾಗ ಕೊಡುತ್ತಾರೆ. “ಬರ್ರಿ ಸಾವ್ಕಾರ್ರ” ಅನ್ನುವಷ್ಟರಲ್ಲಿ ಕೇಳದೆಯೇ ಚಹಾ ಬರುತ್ತದೆ, ಓದುತ್ತಿದ್ದವನ ಪೇಪರು ಅವರ ಕೈ ಸೇರುತ್ತದೆ. ಅದೇ ಸಾಹುಕಾರರು ತಾಲ್ಲೂಕಿನ ಯಾವುದೋ ಕಚೇರಿಯ ಬಾಗಿಲಲ್ಲಿ ಕಾಗದ ಹಿಡಿದು ನಿಂತರೆ ಜವಾನ ತಲೆ ಎತ್ತಿಯೂ ನೋಡುವುದಿಲ್ಲ. ಮನುಷ್ಯ ಅವರೇ, ವಜನ ಬೇರೆ.

ಇದನ್ನು ನಮ್ಮ ಹಳೆಯ ಎಲೆಯಾಟ ಗಂಜೀಫಾ ಬಲ್ಲದು. ಘಟ್ಟದ ಕೆಳಗಿನ ಸಾವಂತವಾಡಿಯಲ್ಲಿ ಇಂದಿಗೂ ಬರೆಯುವ ದಶಾವತಾರಿ ಎಲೆಗಳಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ಎಲೆ. ರಾಜ, ಪ್ರಧಾನ ಎಲ್ಲೆಡೆಯೂ ಮೇಲೆಯೇ, ಅವರನ್ನು ಅಲ್ಲಾಡಿಸುವಂತಿಲ್ಲ. ಮಜಾ ಇರುವುದು ಒಂದರಿಂದ ಹತ್ತರವರೆಗಿನ ಮಂದಿಯಲ್ಲಿ. ಐದು ಅವತಾರಗಳಲ್ಲಿ ಹತ್ತು ದೊಡ್ಡದು. ಉಳಿದ ಐದರಲ್ಲಿ ಒಂದೇ ದೊಡ್ಡದು, ಹತ್ತಕ್ಕೆ ಕಡೆಯ ಜಾಗ. ಹಗಲಾಟದಲ್ಲಿ ರಾಮ ಕೈಯಲ್ಲಿದ್ದವರು ಮೊದಲು ಇಳಿಯಬೇಕು, ರಾತ್ರಿಯಾಟದಲ್ಲಿ ಕೃಷ್ಣ ಇದ್ದವರು. ಹೊತ್ತು ತಿರುಗಿದರೆ ಯಜಮಾನಿಕೆಯೂ ತಿರುಗಿತು!

ಈಗ ಹಲಗಲಿ ಬೇಡರ ದಂಗೆಯನ್ನು ಇಂಥ ರೋಲ್‌ಪ್ಲೇಯಿಂಗ್ ಆಟ ಮಾಡಹೊರಟವರಿಗೆ ಒಂದು ಮಾತು. 1857ರಲ್ಲಿ ಕುಂಪಣಿ ಹತಾರಗಳ ಮೇಲೆ ಕಾಯ್ದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿ ಬೇಡರು ಒಪ್ಪಲಿಲ್ಲ. ನವೆಂಬರಿನಲ್ಲಿ ದಂಡು ಬಂತು, ಊರು ಸುಟ್ಟಿತು, 19 ಮಂದಿಯನ್ನು ಗಲ್ಲಿಗೇರಿಸಿದರು. ಹತಾರ ಅವರಿಗೆ ಬೇಟೆಯ ಸಾಮಾನಷ್ಟೇ ಆಗಿರಲಿಲ್ಲ, ಮಾನವೂ ಆಗಿತ್ತು. ‘ಟ್ರಾವೆಲರ್’ ಲೆಕ್ಕದಲ್ಲಿ ಇವರಿಗೆ ಮೂರೋ ನಾಲ್ಕೋ ಸಿಕ್ಕೀತು. ಆ ಅಂಕೆ ಹಿಡಿದು ಆಡಿದರೆ ಅವರು ಯಾಕೆ ತಿರುಗಿಬಿದ್ದರೆಂಬುದೇ ಆಟಗಾರನಿಗೆ ತಿಳಿಯುವುದಿಲ್ಲ.

ಆದ್ದರಿಂದ ಪಾತ್ರದ ಹಾಳೆಯಲ್ಲಿ ಮೂರು ಮನೆ ಹಾಕಿ: ಊರು, ಸಂಸ್ಥಾನ, ಕುಂಪಣಿ. ಹತಾರ ಒಪ್ಪಿಸಿದವನಿಗೆ ಕುಂಪಣಿಯಲ್ಲಿ ಒಂದು ಏರಲಿ, ಊರಲ್ಲಿ ಮೂರು ಇಳಿಯಲಿ. ಊರಿನ ಮನೆಗೆ ಮಾತ್ರ ದಾಳ ಬೇಡ. ಅದರ ಅಂಕೆಯನ್ನು ಮೇಜಿನ ಸುತ್ತ ಕೂತ ಉಳಿದವರೇ ಹೇಳಲಿ.