ಮೆಕೆಂಜಿ ಸಂಗ್ರಹ ಯಾರದು?

‘ಇದರ ಪ್ರತಿ ಮೆಕೆಂಜಿ ಸಂಗ್ರಹದಲ್ಲಿದೆ’ ಅಂತ ಒಂದು ಸಾಲು ಬರೆದು ಮುಂದೆ ಹೋಗೋದು ಶಾಸನಾಸಕ್ತರಾದ ನಮ್ಮಲ್ಲಿ ರೂಢಿ. ನಾನೂ ಬರೆದಿದ್ದೇನೆ. ಎಚ್.ಎಚ್. ವಿಲ್ಸನ್ 1828ರಲ್ಲಿ ಹೊರತಂದ ಆ ಸಂಗ್ರಹದ ಕ್ಯಾಟಲಾಗನ್ನು ಮತ್ತೆ ತಿರುವಿ ಹಾಕಿದಾಗ, ಆ ಸಾಲು ಎಷ್ಟು ಸಂಗತಿಗಳನ್ನು ಮುಚ್ಚಿಡುತ್ತದೆ ಅನ್ನೋದು ಕಾಣಿಸಿತು.

ಲೆಕ್ಕ ದೊಡ್ಡದೇ: 1,568 ಹಸ್ತಪ್ರತಿಗಳು, 2,070 ಸ್ಥಳಪುರಾಣ-ಕೈಫಿಯತ್ತುಗಳು, 8,076 ಶಾಸನಗಳ ಪ್ರತಿಗಳು, 6,218 ನಾಣ್ಯಗಳು. ಇಡೀ ದೇಶದ ಚರಿತ್ರೆಯ ಆಕರ ಅಂತ ನಾವು ಇದನ್ನು ನೋಡುತ್ತೇವೆ. ಆದರೆ ಸಂಗ್ರಹ ಬೆಳೆದದ್ದು ಸರ್ವೆಯ ದಾರಿಯಲ್ಲಿ. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಮೋಜಣಿ ಮೆಕೆಂಜಿಯ ಪಾಲಿಗೆ ಬಂತು. ಸರಪಳಿ ಎಳೆದ ಕಡೆ ಶಾಸನವೂ ಸಿಕ್ಕಿತು. ಧಾರವಾಡ ಕಡೆಯ ಶಾಸನಗಳಿಗೆ ಮುಂದೆ ವಾಲ್ಟರ್ ಎಲಿಯಟ್ ಬರಬೇಕಾಯಿತು (ಕಿತ್ತೂರಿನಲ್ಲಿ ಸೆರೆಸಿಕ್ಕಿದ್ದ ಅದೇ ಎಲಿಯಟ್).

ಇನ್ನೊಂದು ಮಾತು. ಮೆಕೆಂಜಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. 1817ರ ಪತ್ರದಲ್ಲಿ ಆತನೇ ಒಪ್ಪಿಕೊಂಡಿದ್ದಾನೆ. ಊರೂರು ತಿರುಗಿ, ಶಾನುಭೋಗರನ್ನೂ ಪೂಜಾರಿಗಳನ್ನೂ ಒಲಿಸಿಕೊಂಡವರು ಕಾವಲಿ ವೆಂಕಟ ಬೋರಯ್ಯ, ಅವರು 1803ರಲ್ಲಿ ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯ. ಹಳಗನ್ನಡ ಶಾಸನಗಳ ಓದಿಗೆ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನ ನೆರವು ಸಿಕ್ಕಿತು. ಯಾವುದನ್ನು ಬರೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನೋ ತೀರ್ಮಾನ ಬಹುಪಾಲು ಇಂಥವರದೇ ಇದ್ದಿರಬೇಕು.

ವಿಲ್ಸನ್ ಸಂಸ್ಕೃತ ಬಲ್ಲವರು, ದಕ್ಷಿಣದ ಭಾಷೆಗಳಿಗೆ ಪಂಡಿತರ ಸಾರಾಂಶಗಳನ್ನೇ ನೆಚ್ಚಿದರು. ಹಸ್ತಪ್ರತಿಗಳನ್ನು ಭಾಷೆ, ವಿಷಯದ ಪ್ರಕಾರ ಜೋಡಿಸಿದ್ದು ಅನುಕೂಲವೇ. ಆದರೆ ಯಾವ ಓಲೆ ಯಾವ ಪಯಣದಲ್ಲಿ, ಯಾರ ಕೈಗೆ ಬಂತು ಅನ್ನೋ ಎಳೆ ಅಲ್ಲಿ ತಪ್ಪಿಹೋಗುತ್ತದೆ. ನನ್ನ ತಕರಾರು ಇಲ್ಲೇ. ಕಲ್ಲು ಉಳಿದಿದ್ದರೆ ಎಪಿಗ್ರಾಫಿಯಾ ಕರ್ನಾಟಿಕಾದ ಪಾಠದ ಜೊತೆಗಿಟ್ಟು ನೋಡಬಹುದು. ಕಲ್ಲೇ ಕಳೆದುಹೋಗಿದ್ದರೆ? ಆಗ ನಮ್ಮ ಮುಂದಿರೋದು ಶಾಸನವಲ್ಲ, ಒಬ್ಬ ನಕಲುಗಾರನ ಓದು. ಆತ ಹಳಗನ್ನಡ ಬಲ್ಲವನೋ, ಅಕ್ಷರದ ಆಕಾರ ನೋಡಿ ಬರೆದವನೋ ಗೊತ್ತಾಗದೆ ಆ ಪಾಠದ ಮೇಲೆ ರಾಜನ ಇಸವಿ ನಿಲ್ಲಿಸೋದು ಹೇಗೆ?

1821ರಲ್ಲಿ ಮೆಕೆಂಜಿ ತೀರಿಕೊಂಡ. ಸರ್ಕಾರ ಆತನ ಹೆಂಡತಿಗೆ ಒಂದು ಲಕ್ಷ ರೂಪಾಯಿ ಕೊಟ್ಟು ಸಂಗ್ರಹ ಕೊಂಡಿತು. ಒಂದು ಪಾಲು ಲಂಡನ್ನಿಗೆ, ಇನ್ನೊಂದು ಮದರಾಸಿಗೆ ಹೋಯಿತು. ಈ ಕೆಲಸ ನಾನು ಮುಂದುವರಿಸುತ್ತೇನೆ ಅಂತ ಲಕ್ಷ್ಮಯ್ಯ ಕೇಳಿಕೊಂಡರು. ಇಂಥ ಕೆಲಸದ ಮುಂದಾಳಾಗೋದು ದೇಶೀಯನೊಬ್ಬನಿಂದ ಆಗದು ಅನ್ನೋ ಅಭಿಪ್ರಾಯ ಏಷಿಯಾಟಿಕ್ ಸೊಸೈಟಿಯಿಂದ ಬಂತು.